ಹಳೇ ಎಲೆನಾ, ಹೊಸ ಎಲೆನಾ?

ಗಿಡ ಬೆಳೆಸೋದಕ್ಕೆ ಅಂತಲೇ ಅಕ್ವೇರಿಯಂ ಇಟ್ಟುಕೊಂಡಿರೋ ಗೆಳೆಯರು ನನಗೆ ನಾಲ್ಕೈದು ಮಂದಿ ಇದ್ದಾರೆ. ಮೀನು ನೆಪಕ್ಕೆ ಮಾತ್ರ. ಆಫೀಸು, ಟ್ರಾಫಿಕ್ಕು ಮುಗಿಸಿ ರಾತ್ರಿ ಮನೆಗೆ ಬಂದು ಎರಡಡಿ ಗಾಜಿನ ಪೆಟ್ಟಿಗೆಯ ಮುಂದೆ ಕೂತು ಹಸಿರು ನೋಡೋ ಸುಖ ಅವರದು. ಆ ಹಸಿರು ಕೆಟ್ಟಾಗ ನನಗೆ ವಾಟ್ಸಾಪ್‌ನಲ್ಲಿ ಫೋಟೋ ಬರುತ್ತೆ. ಹಳದಿ ಎಲೆ, ತೂತು ಬಿದ್ದ ಎಲೆ, ಮುರುಟಿದ ಚಿಗುರು. ಕೆಳಗೆ ಒಂದೇ ಸಾಲು: "ಏನ್ ಕಮ್ಮಿ ಆಗಿದೆ ಇದಕ್ಕೆ? ಯಾವ ಬಾಟಲಿ ತಗೊಳ್ಳಿ?"

ನಾನು ಓದಿದ್ದು ಕೃಷಿ, ಹೊಟ್ಟೆಪಾಡಿಗೆ ಮಾಡ್ತಿರೋದು ಬೇರೆ ಕೆಲಸ. ಆದರೂ ಉತ್ತರ ಕೊಡ್ತೀನಿ. ಉತ್ತರ ಅನ್ನೋದಕ್ಕಿಂತ ಮರುಪ್ರಶ್ನೆ: "ಹಳೇ ಎಲೆನಾ, ಹೊಸ ಎಲೆನಾ?" ಈ ಪ್ರಶ್ನೆ ನಾನು ಯಾವ ಅಕ್ವೇರಿಯಂ ಪುಸ್ತಕದಿಂದಲೂ ಕಲಿತಿದ್ದಲ್ಲ. ಮಾನ್ವಿ ಕಡೆಯ ನೆಲ್ಲು ಗದ್ದೆಯ ಬದುವಿನ ಮೇಲೆ ನಿಂತು ಕಲಿತಿದ್ದು. (ನಮ್ಮ ಕಡೆ ಭತ್ತಕ್ಕೆ ನೆಲ್ಲು ಅಂತಾರೆ.) ಯೋಚನೆ ಮಾಡಿದರೆ ನೆಲ್ಲು ಗದ್ದೆಯೂ ಒಂದು ಅಕ್ವೇರಿಯಮ್ಮೇ. ಕೆಳಗೆ ಮಣ್ಣು, ಮೇಲೆ ನಿಂತ ನೀರು, ನಡುವೆ ಗಿಡ. ಗಾಜಿಲ್ಲ, ಅಷ್ಟೇ ವ್ಯತ್ಯಾಸ.

ರಾಯಚೂರಿನಿಂದ ಬಸ್ಸಿನಲ್ಲಿ ಹೊರಟವರಿಗೆ ಕಲ್ಮಲ ಗೊತ್ತಿರುತ್ತೆ. ಲಿಂಗಸುಗೂರಿನ ರಸ್ತೆಯಿಂದ ಮಾನ್ವಿ, ಸಿಂಧನೂರಿನ ರಸ್ತೆ ಒಡೆಯೋದು ಅಲ್ಲೇ. ಎಡಕ್ಕೆ ತಿರುಗಿ ಮಾನ್ವಿ ದಾಟಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ನಾಡು, ಕಣ್ಣು ಹಾಯಿಸಿದಷ್ಟೂ ನೆಲ್ಲು. ಕಲ್ಮಲದ ಸುತ್ತಮುತ್ತ ಇರೋದು ಅದೇ ಕಾಲುವೆಯ ಕೊನೆ ಭಾಗ. ಎರೆ ಮಣ್ಣು, ಹತ್ತಿ, ಜೋಳ, ತೊಗರಿ. ನೀರು ಬಂದರೆ ಬಂತು. ಈ ಊರನ್ನ ಇಲ್ಲಿ ಯಾಕೆ ತಂದೆ ಅನ್ನೋದು ಮುಂದೆ ಗೊತ್ತಾಗುತ್ತೆ. ಅದಕ್ಕೂ ಮೊದಲು, ಎಲೆ ನೋಡಿ ಕೊರತೆ ಹೇಳೋ ವಿದ್ಯೆ ಎಲ್ಲಿಂದ ಬಂತು ಅಂತ ನೋಡೋಣ. ಅದು ಮುನ್ನೂರು ವರ್ಷಕ್ಕೂ ಮಿಕ್ಕಿದ ಕಥೆ, ಶುರುವಾಗೋದು ಪುದೀನಾದಿಂದ.

1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನಾ ಜಾತಿಯ ಗಿಡಗಳನ್ನ ಬೇರೆ ಬೇರೆ ನೀರಿನಲ್ಲಿ ಬೆಳೆಸಿ ತೂಕ ಮಾಡಿದ. ಒಂದು ಮಳೆ ನೀರು, ಒಂದು ಥೇಮ್ಸ್ ನದಿ ನೀರು, ಒಂದು ತೋಟದ ಮಣ್ಣು ಕದಡಿದ ನೀರು. ಗಿಡ ಬೆಳೆಯೋದು ಬರೀ ನೀರಿನಿಂದಲೇ ಅನ್ನೋದು ಆಗಿನ ನಂಬಿಕೆ. ಹಾಗಿದ್ದರೆ ಎಲ್ಲವೂ ಒಂದೇ ಸಮ ಬೆಳೀಬೇಕಿತ್ತು. ಆದರೆ ನೀರು ರಾಡಿಯಾದಷ್ಟೂ ಗಿಡ ಚೆನ್ನಾಗಿ ಬಂತು. ನೀರಿನಲ್ಲಿ ನೀರಲ್ಲದ ಏನೋ ಇದೆ, ಗಿಡ ಅದನ್ನ ತಿನ್ನುತ್ತೆ ಅನ್ನೋದು ಸ್ಪಷ್ಟವಾಯಿತು. ಆ 'ಏನೋ' ಏನು ಅಂತ ಬಿಡಿಸಿ ಹೇಳೋದಕ್ಕೆ ಇನ್ನೂ ನೂರೈವತ್ತು ವರ್ಷ ಬೇಕಾಯಿತು.

1820ರ ದಶಕದಲ್ಲಿ ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಒಂದು ಸರಳ ಮಾತು ಹೇಳಿದ: ಗಿಡಕ್ಕೆ ಬೇಕಾದ ಹತ್ತು ವಸ್ತುಗಳಲ್ಲಿ ಒಂದು ಕಮ್ಮಿಯಾದರೂ ಸಾಕು, ಉಳಿದ ಒಂಬತ್ತು ಎಷ್ಟಿದ್ದರೂ ಪ್ರಯೋಜನ ಇಲ್ಲ. 1840ರಲ್ಲಿ ತನ್ನ ಪುಸ್ತಕದಿಂದ ಹೆಸರಾದ ಯೂಸ್ಟಸ್ ಲೀಬಿಗ್ ಇದನ್ನ ಊರಿಗೆಲ್ಲ ಸಾರಿದ, ಆದ್ದರಿಂದ ನಿಯಮಕ್ಕೆ ಅವನ ಹೆಸರೇ ಅಂಟಿಕೊಂಡಿತು. ಪಾಠದಲ್ಲಿ ಇದನ್ನ ಹಲಗೆಗಳ ಪೀಪಾಯಿಯ ಚಿತ್ರ ಹಾಕಿ ಕಲಿಸ್ತಾರೆ. ಎಲ್ಲಕ್ಕಿಂತ ಗಿಡ್ಡ ಹಲಗೆಯ ಎತ್ತರದವರೆಗೆ ಮಾತ್ರ ನೀರು ನಿಲ್ಲುತ್ತೆ. ನಮ್ಮ ಸ್ನೇಹಿತರು ಕೇಳೋ "ಏನ್ ಕಮ್ಮಿ ಆಗಿದೆ" ಅನ್ನೋದು ಸ್ಪ್ರೆಂಗೆಲ್‌ನ ಪ್ರಶ್ನೆಯೇ.

ಎಲೆ ನೋಡಿ ಉತ್ತರ ಹೇಳಿದ ಮೊದಲಿಗರಲ್ಲಿ ಒಬ್ಬ ಫ್ರಾನ್ಸಿನ ಯೂಸೆಬ್ ಗ್ರಿ. 1840ರ ದಶಕದ ಮೊದಲ ಅರ್ಧದಲ್ಲಿ ಆತ ಬಿಳಿಚಿಕೊಂಡ ಎಲೆಗಳ ಮೇಲೆ ಕಬ್ಬಿಣದ ಲವಣ ಕರಗಿಸಿದ ನೀರು ಹಚ್ಚಿದ. ಹಚ್ಚಿದ ಜಾಗ ಹಸಿರಾಯಿತು. ಗಿಡದ ಈ ಬಿಳಿಚಿಕೊಳ್ಳೋ ರೋಗಕ್ಕೆ ಕ್ಲೋರೋಸಿಸ್ ಅಂತ ಹೆಸರು. ಅದೇ ಕಾಲದಲ್ಲಿ ಯುರೋಪಿನ ಡಾಕ್ಟರುಗಳು ಹದಿಹರೆಯದ ಹುಡುಗಿಯರಿಗೆ ಬರ್ತಿದ್ದ ರಕ್ತಹೀನತೆಗೂ ಕ್ಲೋರೋಸಿಸ್ ಅಂತಲೇ ಅಂತಿದ್ದರು, ಅದಕ್ಕೂ ಕಬ್ಬಿಣದ ಮಾತ್ರೆಯೇ ಕೊಡ್ತಿದ್ದರು. ಹುಡುಗಿಯ ಕೆನ್ನೆಗೂ ಗಿಡದ ಚಿಗುರಿಗೂ ಒಂದೇ ರೋಗದ ಹೆಸರು, ಒಂದೇ ಮದ್ದು. ಇದನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

1860ರ ಹೊತ್ತಿಗೆ ಜರ್ಮನಿಯ ಯೂಲಿಯಸ್ ಸಾಕ್ಸ್ ಮತ್ತು ವಿಲ್ಹೆಲ್ಮ್ ಕ್ನೋಪ್ ಮಣ್ಣನ್ನೇ ಬಿಟ್ಟುಬಿಟ್ಟರು. ಶುದ್ಧ ನೀರಿಗೆ ಲೆಕ್ಕ ಹಾಕಿ ಲವಣ ಬೆರೆಸಿ, ಗಿಡದ ಬೇರನ್ನ ಅದರಲ್ಲಿ ಇಳಿಬಿಟ್ಟರು. ಎಲ್ಲಾ ಲವಣ ಇದ್ದರೆ ಗಿಡ ಬೆಳೆಯುತ್ತೆ. ಈಗ ಒಂದನ್ನ ತೆಗೆಯಿರಿ, ಉಳಿದದ್ದೆಲ್ಲ ಹಾಗೇ ಇರಲಿ. ಎಲೆ ಏನಾಗುತ್ತೆ ನೋಡಿ ಬರೆದಿಡಿ. ಕೊರತೆ ಪತ್ತೆ ಮಾಡೋ ವಿದ್ಯೆಯ ಬುನಾದಿ ಇದೇ. ಇವತ್ತಿನ ಹೈಡ್ರೋಪೋನಿಕ್ಸ್ ಆಗಲಿ, ಅಕ್ವೇರಿಯಂ ಅಂಗಡಿಯ ಗೊಬ್ಬರದ ಬಾಟಲಿಯಾಗಲಿ, ಆ ಜಾಡಿಗಳ ಮೊಮ್ಮಕ್ಕಳೇ.

ಹೀಗೆ ಒಂದೊಂದೇ ತೆಗೆದು ನೋಡಿದಾಗ ಕಾಲಕ್ರಮದಲ್ಲಿ ಒಂದು ಮುಖ್ಯ ವಿಷಯ ಹೊರಬಿತ್ತು. ಕೆಲವು ಪೋಷಕಾಂಶಗಳು ಗಿಡದೊಳಗೆ ಓಡಾಡ್ತವೆ, ಕೆಲವು ಕೂತಲ್ಲೇ ಕೂರ್ತವೆ. ಸಾರಜನಕ, ರಂಜಕ, ಪೊಟ್ಯಾಶಿಯಂ, ಮೆಗ್ನೀಸಿಯಂ ಓಡಾಡೋ ಗುಂಪಿನವು. ಇವು ಕಮ್ಮಿಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತೆ, ಮನೆಯಲ್ಲಿ ದೊಡ್ಡವರು ಉಪವಾಸ ಇದ್ದು ಮಕ್ಕಳಿಗೆ ಬಡಿಸಿದ ಹಾಗೆ. ಆದ್ದರಿಂದ ಕೆಳಗಿನ ಹಳೇ ಎಲೆ ಮೊದಲು ಸೊರಗುತ್ತೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಅಲ್ಲಾಡದ ಗುಂಪಿನವು. ಒಂದು ಎಲೆಗೆ ಸೇರಿದ ಮೇಲೆ ಅಲ್ಲಿಂದ ಕದಲೋದು ಬಹಳ ಕಮ್ಮಿ. ಹೊಸದಾಗಿ ಬೇರಿನಿಂದಲೋ ನೀರಿನಿಂದಲೋ ಬರಬೇಕು. ಬರೋದು ನಿಂತರೆ ಹಳೇ ಎಲೆ ಕಡುಹಸಿರಾಗಿ ಮೆರೀತಿರುತ್ತೆ, ಚಿಗುರು ಬಿಳಿಚಿಕೊಳ್ಳುತ್ತೆ. "ಹಳೇ ಎಲೆನಾ, ಹೊಸ ಎಲೆನಾ" ಅನ್ನೋ ಒಂದು ಪ್ರಶ್ನೆಯಿಂದ ಅರ್ಧ ಪಟ್ಟಿ ಹೊಡೆದುಹಾಕಬಹುದು.

ಎರಡನೇ ಪ್ರಶ್ನೆ, ಯಾವ ರೀತಿ ಕೆಟ್ಟಿದೆ ಅನ್ನೋದು. ಹಳೇ ಎಲೆ ಇಡಿಯಾಗಿ ಹಳದಿಯಾದರೆ ಮೊದಲ ಅನುಮಾನ ಸಾರಜನಕದ ಮೇಲೆ. ಹಳೇ ಎಲೆಯ ಅಂಚು ಹಳದಿಯಾಗಿ, ಗುಂಡುಸೂಜಿ ಚುಚ್ಚಿದ ಹಾಗೆ ಸಣ್ಣ ತೂತು ಬಿದ್ದರೆ ಪೊಟ್ಯಾಶಿಯಂ. ಹಳೇ ಎಲೆಯಲ್ಲಿ ನರ ಹಸಿರು, ನಡುವಿನ ಜಾಗ ಹಳದಿ ಆದರೆ ಮೆಗ್ನೀಸಿಯಂ. ಇದೇ ಚಿತ್ರ ಚಿಗುರಿನಲ್ಲಿ ಕಂಡರೆ ಕಬ್ಬಿಣ. ಹೊಸ ಎಲೆ ಸಣ್ಣದಾಗಿ, ಸೊಟ್ಟಗಾಗಿ ಬಂದರೆ ಕ್ಯಾಲ್ಸಿಯಂ ಅಥವಾ ಬೋರಾನ್. ಬೆಳವಣಿಗೆ ನಿಂತು ಎಲೆ ಮಂಕಾದರೆ ರಂಜಕ. ಅಂಗೈಯಲ್ಲಿ ಬರೆದುಕೊಳ್ಳಬಹುದಾದಷ್ಟು ಸಣ್ಣ ಪಟ್ಟಿ. ಆದರೆ ಇಲ್ಲಿಗೇ ನಿಲ್ಲಿಸಿದವರು ಬಾಟಲಿ ಮೇಲೆ ಬಾಟಲಿ ತಂದು ಸುಸ್ತಾಗ್ತಾರೆ. ಯಾಕೆ ಅನ್ನೋದನ್ನೂ ಇತಿಹಾಸವೇ ಹೇಳುತ್ತೆ.

ಅಕ್ವೇರಿಯಂ ಅನ್ನೋದು ಹುಟ್ಟಿದ್ದೂ ಇದೇ ಕಾಲದಲ್ಲಿ. ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನಶಾಸ್ತ್ರಜ್ಞ ಒಂದು ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್, ಜೊತೆಗೆ ವ್ಯಾಲಿಸ್ನೇರಿಯಾ ಗಿಡ ಇಟ್ಟ. ರಿಬ್ಬನ್ನಿನ ಥರ ಉದ್ದ ಎಲೆಯ ಈ ಗಿಡ ಇವತ್ತೂ ಎಲ್ಲಾ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತೆ. ಗಿಡ ಆಮ್ಲಜನಕ ಕೊಡುತ್ತೆ, ಮೀನು ಉಸಿರಾಡುತ್ತೆ, ನೀರು ಬದಲಿಸೋದೇ ಬೇಡ ಅನ್ನೋದು ಅವನ ಲೆಕ್ಕ. ಸ್ವಲ್ಪ ದಿನಕ್ಕೆ ಹಳೇ ಎಲೆಗಳು ಕೊಳೆತು ನೀರು ಕೆಟ್ಟಿತು. ಕೊಳೆತದ್ದನ್ನ ತಿನ್ನೋದಕ್ಕೆ ಆತ ಬಸವನಹುಳು ಬಿಟ್ಟ, ಸಮತೋಲನ ಬಂತು. 1850ರಲ್ಲಿ ಈ ಪ್ರಯೋಗವನ್ನ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು, 1854ರಲ್ಲಿ ಫಿಲಿಪ್ ಗಾಸ್‌ನ ಪುಸ್ತಕ ಬಂತು, ಅಕ್ವೇರಿಯಂ ಅನ್ನೋ ಪದ ಮನೆಮಾತಾಯಿತು.

ಈ ವಾರಿಂಗ್ಟನ್ ಮನೆತನದ ಮುಂದಿನ ಕಥೆ ನನಗೆ ಇನ್ನೂ ಇಷ್ಟ. ಅವನ ಮಗ, ಅವನ ಹೆಸರೂ ರಾಬರ್ಟ್, ರೋಥಮ್‌ಸ್ಟೆಡ್ ಅನ್ನೋ ಪ್ರಖ್ಯಾತ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ಸಾರಜನಕದ ಮೇಲೆ ಕೆಲಸ ಮಾಡಿದ. ಮೊಮ್ಮಗಳು ಕ್ಯಾಥರೀನ್ ವಾರಿಂಗ್ಟನ್ ಅದೇ ರೋಥಮ್‌ಸ್ಟೆಡ್‌ನಲ್ಲಿ 1923ರಲ್ಲಿ ಅವರೆ ಜಾತಿಯ ಗಿಡಗಳನ್ನ ನೀರಿನಲ್ಲಿ ಬೆಳೆಸಿ, ಬೋರಾನ್ ಇಲ್ಲದೆ ಗಿಡ ಬದುಕೋದಿಲ್ಲ ಅಂತ ತೋರಿಸಿದಳು. ಅಜ್ಜ ಗಾಜಿನ ಪಾತ್ರೆಯಲ್ಲಿ ಶುರು ಮಾಡಿದ್ದನ್ನ ಮೊಮ್ಮಗಳು ಮುಂದಕ್ಕೆ ಒಯ್ದ ಹಾಗಾಯಿತು.

ಆದರೆ ಒಂದು ಪ್ರಶ್ನೆ. ಸಾಕ್ಸ್, ಕ್ನೋಪ್ ಅರವತ್ತು ವರ್ಷ ಮೊದಲೇ ಒಂದೊಂದೇ ತೆಗೆದು ನೋಡಿದ್ದರಲ್ಲ, ಅವರಿಗೆ ಬೋರಾನ್, ಸತು, ತಾಮ್ರ ಯಾಕೆ ಕಾಣಲಿಲ್ಲ? ಅವರ ಲವಣಗಳು ಅಷ್ಟು ಶುದ್ಧ ಇರಲಿಲ್ಲ. ಹಾಕಿಲ್ಲ ಅಂದುಕೊಂಡದ್ದು ಕಲಬೆರಕೆಯಾಗಿ ನೀರಿನಲ್ಲಿ ಇದ್ದೇ ಇತ್ತು. ಕೆಲವು ಬಗೆಯ ಗಾಜಿನಿಂದಲೂ ಬೋರಾನ್ ನೀರಿಗೆ ಸೋರುತ್ತೆ. ಗಿಡಕ್ಕೆ ಬೇಕಿದ್ದದ್ದು ಚಿಟಿಕೆಯ ಸಾವಿರದೊಂದು ಪಾಲು. 1926ರಲ್ಲಿ ಅಮೆರಿಕದ ಆನಾ ಸೊಮ್ಮರ್ ಮತ್ತು ಲಿಪ್‌ಮನ್ ಸತು ಬೇಕೇ ಬೇಕು ಅಂತ ಖಚಿತಪಡಿಸಿದರು. 1939ರಲ್ಲಿ ಆರ್ನನ್ ಮತ್ತು ಸ್ಟೌಟ್, ಯಾವುದನ್ನ ಅತ್ಯಗತ್ಯ ಅಂತ ಕರೀಬೇಕು ಅನ್ನೋದಕ್ಕೆ ನಿಯಮ ಬರೆದರು. 1943ರಲ್ಲಿ ಯುದ್ಧದ ನಡುವೆ, ಒಂದು ತುತ್ತು ಅನ್ನವೂ ಹಾಳಾಗಬಾರದು ಅನ್ನೋ ಕಾಲದಲ್ಲಿ, ಬ್ರಿಸ್ಟಲ್ ಹತ್ತಿರದ ಲಾಂಗ್ ಆಶ್ಟನ್ ಕೇಂದ್ರದ ಥಾಮಸ್ ವಾಲೇಸ್ ಬಣ್ಣದ ಫೋಟೋಗಳ ಪುಸ್ತಕವನ್ನೇ ತಂದ. ಯಾವ ಕೊರತೆಗೆ ಎಲೆ ಹೇಗೆ ಕಾಣುತ್ತೆ ಅಂತ ಪುಟ ತಿರುಗಿಸಿ ಹೋಲಿಸಬಹುದಿತ್ತು. ಇವತ್ತು ನಾವು ಫೋನಿನಲ್ಲಿ ಫಾರ್ವರ್ಡ್ ಮಾಡೋ 'ಕೊರತೆ ಚಾರ್ಟ್'ಗಳಿಗೆ ಅದು ಹಿರಿಯಜ್ಜ.

ಇಷ್ಟಾದ ಮೇಲೂ ಭಾರತದ ನೆಲ್ಲು ಗದ್ದೆಯಲ್ಲಿ ಒಂದು ರೋಗ ಎಲ್ಲರನ್ನೂ ಸತಾಯಿಸ್ತು. ಹಿಮಾಲಯದ ಬುಡದ ತರಾಯಿ ಪ್ರದೇಶದಲ್ಲಿ ನಾಟಿ ಮಾಡಿದ ಎರಡು ಮೂರು ವಾರಕ್ಕೆ ಪೈರು ಕುಳ್ಳಾಗಿ, ಎಲೆ ಮೇಲೆ ತುಕ್ಕು ಬಣ್ಣದ ಚುಕ್ಕೆ ಬಂದು, ಗದ್ದೆಯೆಲ್ಲ ಕಾಚಿನ ಬಣ್ಣಕ್ಕೆ ತಿರುಗ್ತಿತ್ತು. ಅದಕ್ಕೇ ಖೈರಾ ಅಂತ ಹೆಸರು. ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ವೈ.ಎಲ್. ನೆನೆ ಸಸ್ಯರೋಗ ತಜ್ಞರು. ರೋಗ ತಜ್ಞರ ಕಣ್ಣಿಗೆ ಮೊದಲು ಕಾಣಬೇಕಾದ್ದು ಶಿಲೀಂಧ್ರ, ವೈರಸ್ಸು, ಹುಳು. ಆದರೆ 1966ರಲ್ಲಿ ಅವರು ಹೇಳಿದ್ದು, ಇದು ರೋಗಾಣುವಿನ ಕೆಲಸ ಅಲ್ಲ, ಸತುವಿನ ಕೊರತೆ ಅಂತ. ಜಿಂಕ್ ಸಲ್ಫೇಟಿಗೆ ಸ್ವಲ್ಪ ಸುಣ್ಣ ಬೆರೆಸಿ ಸಿಂಪಡಿಸಿದರೆ ಪೈರು ಚೇತರಿಸಿಕೊಳ್ತಿತ್ತು. ಹೆಕ್ಟೇರಿಗೆ 5 ಕೆಜಿ ಜಿಂಕ್ ಸಲ್ಫೇಟ್, 2.5 ಕೆಜಿ ಸುಣ್ಣ. ದೇಶದ ನೆಲ್ಲು ಬೆಳೆಗಾರರಿಗೆ ಇಷ್ಟು ಅಗ್ಗದ ಉಪಕಾರ ಮಾಡಿದವರು ಕಮ್ಮಿ. ನೆನೆ ಆಮೇಲೆ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್‌ಗೆ ಬಂದರು, ನಮ್ಮ ರಾಯಚೂರಿನಿಂದ ಅದು ಒಂದು ರಾತ್ರಿಯ ಪ್ರಯಾಣವೂ ಅಲ್ಲ.

ನೆನೆ ಅವರ ಕೆಲಸದಲ್ಲಿ ಇನ್ನೊಂದು ಪಾಠ ಇದೆ. ಸತು ಆ ಮಣ್ಣಿನಲ್ಲಿ ಇರಲೇ ಇಲ್ಲ ಅಂತಲ್ಲ. ಬಹಳಷ್ಟು ಮಣ್ಣಿನಲ್ಲಿ ಒಟ್ಟು ಸತು ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚೇ ಇರುತ್ತೆ. ಗಿಡಕ್ಕೆ ಸಿಗೋದಿಲ್ಲ, ಅಷ್ಟೇ. ನಮ್ಮ ಎರೆ ಮಣ್ಣನ್ನೇ ತಗೊಳ್ಳಿ. ಸುಣ್ಣದ ಅಂಶ ಇರೋ ಮಣ್ಣು, ಪಿಎಚ್ ಸಾಮಾನ್ಯವಾಗಿ 8 ದಾಟಿರುತ್ತೆ. ಅಂಥ ಕಡೆ ಸತು, ಕಬ್ಬಿಣ ಎರಡೂ ಗಟ್ಟಿಯಾಗಿ ಕೂತುಬಿಡ್ತವೆ, ಕರಗೋದಿಲ್ಲ. ಅದರ ಮೇಲೆ ನೀರು ನಿಲ್ಲಿಸಿದರೆ ಇನ್ನೊಂದು ಆಟ. ಕೆಲವೇ ದಿನದಲ್ಲಿ ಮಣ್ಣಿನೊಳಗಿನ ಆಮ್ಲಜನಕ ಮುಗಿಯುತ್ತೆ. ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಕಬ್ಬಿಣದ ತುಕ್ಕನ್ನ ಬಳಸಿ ಉಸಿರಾಡ್ತವೆ, ತುಕ್ಕು ಕರಗಿ ಕಬ್ಬಿಣ ಗಿಡಕ್ಕೆ ಸಿಗೋ ಹಾಗಾಗುತ್ತೆ. ಸತುವಿನ ಹಣೆಬರಹ ಉಲ್ಟಾ. ಅದು ಗಂಧಕದ ಜೊತೆ, ಕಾರ್ಬೊನೇಟಿನ ಜೊತೆ ಸೇರಿ ಇನ್ನೂ ಒಳಕ್ಕೆ ಸೇರಿಕೊಳ್ಳುತ್ತೆ. ಅದಕ್ಕೇ ನೀರು ಕಮ್ಮಿಯಿರೋ ಸಸಿ ಮಡಿಯಲ್ಲಿ ಪೈರು ಬಿಳಿಚಿದರೆ ಕಬ್ಬಿಣದ ಅನುಮಾನ, ನಾಟಿಯಾಗಿ ನೀರು ನಿಂತ ಗದ್ದೆಯಲ್ಲಿ ಕುಳ್ಳಾಗಿ ತುಕ್ಕು ಚುಕ್ಕೆ ಬಂದರೆ ಸತುವಿನ ಅನುಮಾನ. ಒಂದೇ ಹೊಲ, ಒಂದೇ ಮಣ್ಣು. ನೀರು ನಿಂತಿದೆಯೋ ಇಲ್ಲವೋ ಅನ್ನೋದರ ಮೇಲೆ ಕೊರತೆಯೇ ಬದಲಾಗುತ್ತೆ.

ಇದಕ್ಕೆ ನಾವೇ ಸೇರಿಸೋ ಕಾರಣ ಇನ್ನೊಂದು. ರಂಜಕದ ಗೊಬ್ಬರ ಅತಿಯಾದರೆ ಸತುವಿನ ಕೊರತೆ ಹೆಚ್ಚುತ್ತೆ. ಡಿಎಪಿ ಮೂಟೆ ಸುರಿದಷ್ಟೂ ಬೆಳೆ ಜಾಸ್ತಿ ಅನ್ನೋ ನಂಬಿಕೆ ನೀರಾವರಿ ಬಂದ ಕಡೆಯೆಲ್ಲ ಬೆಳೆದಿದೆ. ಒಂದರ ಅತಿಯೇ ಇನ್ನೊಂದರ ಕೊರತೆ. 2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಜೊತೆ ಸೇರಿ ಶುರು ಮಾಡಿದ ಭೂಚೇತನ ಯೋಜನೆ ಮಣ್ಣು ಪರೀಕ್ಷೆ ಮಾಡಿಸಿ ಒತ್ತಿ ಹೇಳಿದ್ದು ಇದನ್ನೇ: ಸಾರಜನಕ, ರಂಜಕ, ಪೊಟ್ಯಾಷ್ ಅಷ್ಟೇ ಸಾಲದು, ಸತು, ಬೋರಾನ್, ಗಂಧಕದ ಕಡೆಯೂ ನೋಡಿ.

ಹಾಗಾಗಿ ಮೂರನೇ ಪ್ರಶ್ನೆ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಇಲ್ವಾ, ಅಥವಾ ಇದ್ದೂ ತಲುಪ್ತಿಲ್ವಾ?

ಈಗ ಗಾಜಿನ ಪೆಟ್ಟಿಗೆಗೆ ವಾಪಸ್ ಬನ್ನಿ. ಬೆಂಗಳೂರಿನಲ್ಲಿ ಬೋರ್‌ವೆಲ್ ಟ್ಯಾಂಕರ್ ನೀರಿನ ಗಡಸುತನ ನಿಮಗೆಲ್ಲ ಗೊತ್ತು, ಬಾತ್‌ರೂಮಿನ ನಲ್ಲಿಯೇ ಹೇಳುತ್ತೆ. ಆ ನೀರಿನಲ್ಲಿ ಚಿಗುರು ಬಿಳಿಚಿಕೊಂಡರೆ ನೀವು ಕಬ್ಬಿಣದ ಬಾಟಲಿ ತರ್ತೀರಿ. ಹಾಕ್ತೀರಿ. ಏನೂ ಆಗಲ್ಲ. ಡಬಲ್ ಹಾಕ್ತೀರಿ. ಪಾಚಿ ಬರುತ್ತೆ. ಬಾಟಲಿಯಲ್ಲಿ ಕಬ್ಬಿಣ ಇತ್ತು, ನೀರಿಗೂ ಬಿತ್ತು, ಆದರೆ ಕ್ಷಾರದ ನೀರಿನಲ್ಲಿ ಅದು ತುಕ್ಕಾಗಿ ತಳ ಸೇರಿತು. ಕಬ್ಬಿಣವನ್ನ ಕರಗಿದ ಸ್ಥಿತಿಯಲ್ಲಿ ಹಿಡಿದಿಡೋದಕ್ಕೆ ಚೀಲೇಟ್ ಅನ್ನೋ ಅಣು ಜೊತೆಗೆ ಸೇರಿಸಿರ್ತಾರೆ. ಅದರಲ್ಲೂ ಜಾತಿ ಇದೆ. ಇಡಿಟಿಎ ಅನ್ನೋದು ಪಿಎಚ್ 6.5ರ ಆಸುಪಾಸಿನವರೆಗೆ ಹಿಡಿದಿಡುತ್ತೆ, ಡಿಟಿಪಿಎ ಸುಮಾರು 7.5ರವರೆಗೆ, ಇಡಿಡಿಎಚ್‌ಎ ಅದಕ್ಕೂ ಮೇಲೆ. ಬಾಟಲಿಯ ಮುಂದೆ ಎಷ್ಟು ಪರ್ಸೆಂಟ್ ಕಬ್ಬಿಣ ಅಂತ ದೊಡ್ಡದಾಗಿ ಬರೆದಿರುತ್ತೆ. ಯಾವ ಚೀಲೇಟ್ ಅನ್ನೋದು ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇದ್ದರೆ ಇದೆ. ಓದಬೇಕಾದ್ದು ಆ ಸಣ್ಣ ಅಕ್ಷರ.

ಗಿಡವನ್ನೂ ನೋಡಬೇಕು. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಗಡಸು ನೀರಿನ ಬೈಕಾರ್ಬೊನೇಟಿನಿಂದಲೂ ಇಂಗಾಲ ಎಳೆದುಕೊಳ್ಳಬಲ್ಲವು. ನಮ್ಮ ದಕ್ಷಿಣ ಭಾರತದ್ದೇ ಗಿಡ ರೋಟಾಲಾ ಮ್ಯಾಕ್ರಾಂಡ್ರಾ, ಪ್ರಪಂಚದ ಅಕ್ವೇರಿಯಂ ಪ್ರಿಯರೆಲ್ಲ ಹುಚ್ಚು ಹಿಡಿಸಿಕೊಂಡಿರೋ ಕೆಂಪು ಗಿಡ, ಅದಕ್ಕೆ ಮೆದು ನೀರು, ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಬೇಕು. ಇಂಗಾಲ ಸಾಲದೆ ಸೊರಗಿದ ರೋಟಾಲಾ ನೋಡೋದಕ್ಕೆ ಪೋಷಕಾಂಶ ಕೊರತೆಯ ಹಾಗೇ ಕಾಣುತ್ತೆ. ಅಂಗಡಿಯಿಂದ ಹೊಸದಾಗಿ ತಂದ ಗಿಡ ಮೊದಲ ಎರಡು ಮೂರು ವಾರ ಹಳೇ ಎಲೆ ಉದುರಿಸಿದರೂ ಗಾಬರಿ ಬೇಡ. ಬಹಳಷ್ಟು ಗಿಡಗಳನ್ನ ನರ್ಸರಿಯಲ್ಲಿ ನೀರಿನ ಮೇಲೆ ಬೆಳೆಸಿರ್ತಾರೆ, ಗಾಳಿಯ ಎಲೆ ಬಿಟ್ಟು ನೀರಿನ ಎಲೆ ತೊಡೋ ಕಾಲ ಅದು. ಕೆಟ್ಟ ಎಲೆ ಯಾವ ಮದ್ದಿಗೂ ಪೂರ್ತಿ ರಿಪೇರಿ ಆಗೋದು ಅಪರೂಪ. ಮದ್ದು ಕೆಲಸ ಮಾಡ್ತಾ ಅಂತ ತಿಳಿಯೋದು ಆಮೇಲೆ ಬರೋ ಎಲೆಯಿಂದ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ವಾರ ಕಾಯಿರಿ. ಸಾಕ್ಸ್ ಹೇಳಿಕೊಟ್ಟಿದ್ದು ಇಷ್ಟೇ.

ಕಣ್ಣಿನ ಮೇಲಷ್ಟೇ ನಂಬಿಕೆ ಬೇಡ ಅಂದವರೂ ಇದ್ದಾರೆ. 1966ರಲ್ಲೇ, ಅಂದರೆ ನೆನೆ ಖೈರಾ ಬಿಡಿಸಿದ ವರ್ಷವೇ, ಅಮೆರಿಕದ ಗರ್ಲಾಫ್ ಮತ್ತು ಕ್ರೋಮ್‌ಹೋಲ್ಜ್ ವ್ಯಾಲಿಸ್ನೇರಿಯಾದಂಥ ನೀರಿನ ಗಿಡಗಳನ್ನೇ ಒಣಗಿಸಿ ಅಳೆದರು. ಒಣ ತೂಕದಲ್ಲಿ ಸಾರಜನಕ 1.3 ಪರ್ಸೆಂಟ್, ರಂಜಕ 0.13 ಪರ್ಸೆಂಟಿಗಿಂತ ಕೆಳಗಿಳಿದರೆ ಗಿಡ ಹಸಿದಿದೆ ಅಂತ ಅರ್ಥ ಅಂದರು. ನೀರಿನಲ್ಲಿ ಎಷ್ಟಿದೆ ಅಂತಲ್ಲ, ಗಿಡದೊಳಗೆ ಎಷ್ಟು ಸೇರಿದೆ ಅಂತ ಕೇಳಿದ್ದು ಇದರ ಹೆಚ್ಚುಗಾರಿಕೆ.

1996ರಲ್ಲಿ ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ ಅನ್ನೋ ಇಬ್ಬರು ಹವ್ಯಾಸಿಗಳು ಬಡವರ ಗೊಬ್ಬರದ ಸೂತ್ರ ಒಂದನ್ನ ಬರೆದರು, ಪಾಚಿ ತಡೆಯೋದಕ್ಕೆ ರಂಜಕವನ್ನೇ ಕಮ್ಮಿ ಇಡಿ ಅಂತ. ಆಮೇಲೆ ಟಾಮ್ ಬಾರ್ ಇದನ್ನ ತಲೆಕೆಳಗು ಮಾಡಿದ: ಎಲ್ಲವನ್ನೂ ಧಾರಾಳ ಹಾಕಿ, ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ, ಅಳೆಯೋ ಗೋಜೇ ಬೇಡ. ಅಂದರೆ ಪತ್ತೆ ಮಾಡೋ ಕೆಲಸವನ್ನೇ ತಪ್ಪಿಸಿಬಿಡೋದು. ಎರಡಡಿ ಪೆಟ್ಟಿಗೆಗೆ ಇದು ನಡೆಯುತ್ತೆ. ಒಂದು ಜಿಲ್ಲೆಗೆ ನಡೆಯಲ್ಲ.

ಕಲ್ಮಲ ಬರೋದು ಇಲ್ಲಿ. ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ, ಆಗ ರಾಯಚೂರು ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. 1953ಕ್ಕೆ ನೀರು ಹರಿಯಿತು. ಎಡದಂಡೆ ಕಾಲುವೆ 225 ಕಿಲೋಮೀಟರಿಗೂ ಉದ್ದ. ಅದನ್ನ ರೂಪಿಸಿದ್ದು ನೆಲ್ಲಿಗಲ್ಲ. ಬರದ ನಾಡಿನಲ್ಲಿ ಹೆಚ್ಚು ಜನಕ್ಕೆ ಸ್ವಲ್ಪ ಸ್ವಲ್ಪ ನೀರು ಹಂಚಿ ಜೋಳ, ಹತ್ತಿ, ಶೇಂಗಾ ಉಳಿಸಿಕೊಳ್ಳೋದಕ್ಕೆ. ಯಾವ ಹೊಲಕ್ಕೆ ಯಾವ ಬೆಳೆ ಅಂತ ಮೊದಲೇ ಗೊತ್ತುಮಾಡಿದ್ದರು. ಆದರೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ನೆಲ್ಲು ಹಚ್ಚಿದರು, ನೋಡಿ ನಮ್ಮವರೂ ಹಚ್ಚಿದರು. ಮೇಲಿನ ಭಾಗ ಹಸಿರಾಯಿತು. ಕೊನೆ ಭಾಗಕ್ಕೆ ನೀರು ಮುಟ್ಟೋದು ಕಮ್ಮಿಯಾಗ್ತಾ ಹೋಯಿತು. ನೆದರ್ಲೆಂಡ್ಸಿನ ಪೀಟರ್ ಮೊಲಿಂಗಾ ಈ ಕಾಲುವೆಯ ನೀರಿನ ಹಂಚಿಕೆಯ ಮೇಲೆ ದೊಡ್ಡ ಅಧ್ಯಯನವನ್ನೇ ಮಾಡಿದ್ದಾರೆ. ಕೊನೆ ಭಾಗದ ರೈತರ ಬಾಯಲ್ಲಿ ಅದು ಒಂದೇ ಸಾಲು: "ನೀರು ಅದರೀ, ನಮಗ ಮುಟ್ಟವಲ್ದು."

ಕಬ್ಬಿಣ ಸಾಲದ ಗಿಡವನ್ನ ನೋಡಿದಾಗಲೆಲ್ಲ ನನಗೆ ಈ ಮಾತು ಕೇಳುತ್ತೆ. ಕೆಳಗಿನ ಎಲೆ ಕಡುಹಸಿರು, ತುದಿಯ ಚಿಗುರು ಬಿಳಿ. ಒಟ್ಟು ಲೆಕ್ಕ ಹಾಕಿದರೆ ಗಿಡದಲ್ಲಿ ಕಬ್ಬಿಣ ಇದೆ. ಸರಾಸರಿ ತೆಗೆದರೆ ಕೊರತೆಯೇ ಕಾಣದೇ ಹೋಗಬಹುದು. ಚಿಗುರನ್ನೇ ನೋಡಿದವನಿಗೆ ಮಾತ್ರ ಗೊತ್ತಾಗೋದು.

ಇದು ಬರೀ ಉಪಮೆಯ ಮಾತಲ್ಲ. ದಕ್ಷಿಣದ ಮಾರುಕಟ್ಟೆಗೆಲ್ಲ ಸೋನಾ ಮಸೂರಿ ಕಳಿಸೋ ಜಿಲ್ಲೆ ನಮ್ಮದು. ಅದೇ ಜಿಲ್ಲೆಯಲ್ಲಿ, ಅದರಲ್ಲೂ ದೇವದುರ್ಗ ತಾಲ್ಲೂಕಿನಲ್ಲಿ, 2011ರ ಹೊತ್ತಿಗೆ ಮಕ್ಕಳ ಅಪೌಷ್ಟಿಕತೆ ರಾಜ್ಯದ ಸುದ್ದಿಯಾಯಿತು. ವಿಷಯ ಹೈಕೋರ್ಟಿಗೆ ಹೋಗಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ನೇತೃತ್ವದ ಸಮಿತಿ 2012ರಲ್ಲಿ ಶಿಫಾರಸುಗಳನ್ನ ಕೊಟ್ಟಿತು. ಅನ್ನ ಇರಲಿಲ್ಲ ಅಂತಲ್ಲ. ಅನ್ನದಲ್ಲಿ ಇರಬೇಕಾದ್ದು, ತಲುಪಬೇಕಾದವರಿಗೆ ತಲುಪಲಿಲ್ಲ. ಇಲ್ಲೂ ರಸಾಯನ ಹಳೆಯದೇ. ಜೋಳದಲ್ಲಿ ಕಬ್ಬಿಣ ಇದೆ, ಆದರೆ ಅದರಲ್ಲೇ ಇರೋ ಫೈಟೇಟ್ ಅನ್ನೋ ಅಂಶ ಕಬ್ಬಿಣವನ್ನೂ ಸತುವನ್ನೂ ಹಿಡಿದಿಟ್ಟುಕೊಳ್ಳುತ್ತೆ. ಊಟದ ಜೊತೆಗೇ ಕುಡಿಯೋ ಚಹಾ ಇನ್ನಷ್ಟು ತಡೆಯುತ್ತೆ. ಒಂದು ಹೋಳು ನಿಂಬೆಹಣ್ಣಿನ ಹುಳಿ ಅದನ್ನ ಬಿಡಿಸಿ ದೇಹಕ್ಕೆ ಕೊಡುತ್ತೆ. ನಿಂಬೆಹುಳಿ ಇಲ್ಲಿ ಒಂಥರಾ ಚೀಲೇಟೇ. 2021ರ ಡಿಸೆಂಬರಿನಲ್ಲಿ ರಾಯಚೂರು ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡೋದಕ್ಕೆ ಶುರು ಮಾಡಿದಾಗ ರಾಜ್ಯದಲ್ಲೆಲ್ಲ ವಾದ ನಡೆಯಿತು. ಪೋಷಕಾಂಶವನ್ನ ದೇಹಕ್ಕೆ ಸಿಗೋ ರೂಪದಲ್ಲಿ, ಬೆಳೆಯೋ ಚಿಗುರಿನ ತಟ್ಟೆಗೇ ತಲುಪಿಸೋ ದಾರಿ ಅದು ಅನ್ನೋದು ಆ ವಾದದ ಗದ್ದಲದಲ್ಲಿ ಬಹಳ ಜನಕ್ಕೆ ಕೇಳಿಸಲೇ ಇಲ್ಲ.

ಗ್ರಿ ಎಲೆಗೆ ಕಬ್ಬಿಣ ಹಚ್ಚಿ ನೂರೆಂಬತ್ತು ವರ್ಷವಾಯಿತು. ಏನು ಬೇಕು ಅನ್ನೋ ಪಟ್ಟಿ ಈಗ ಬಹುತೇಕ ಪೂರ್ತಿಯಾಗಿದೆ. ಕೊನೆಯದಾಗಿ 1987ರಲ್ಲಿ ನಿಕ್ಕೆಲ್ ಸೇರಿ ಗಿಡದ ಪಟ್ಟಿ ಹದಿನೇಳಕ್ಕೆ ನಿಂತಿದೆ. ತಲುಪಿಸೋ ಕೆಲಸ ಮಾತ್ರ ಗೊಬ್ಬರದಂಗಡಿಯಲ್ಲಿ ಸಿಗೋದಿಲ್ಲ. ಅದಕ್ಕೆ ಸರಾಸರಿ ಬಿಟ್ಟು ತುದಿ ನೋಡಬೇಕು: ಗಿಡದಲ್ಲಿ ಚಿಗುರು, ಕಾಲುವೆಯಲ್ಲಿ ಕೊನೆಯ ತೂಬು, ಊರಿನಲ್ಲಿ ಕೊನೆಯ ಸಾಲಿನಲ್ಲಿ ಕೂತ ಮಗು. ಮುಂದಿನ ಸಲ ಎಲೆ ಹಳದಿಯಾದಾಗ ಬಾಟಲಿ ಆರ್ಡರ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿ. ಹಳೇ ಎಲೆನಾ, ಹೊಸ ಎಲೆನಾ? ಹೇಗೆ ಕೆಟ್ಟಿದೆ? ಇಲ್ವಾ, ಇದ್ದೂ ಮುಟ್ಟುತ್ತಿಲ್ವಾ?